ಮೊದಲನೆಯ ಕಿಂಡಿ

"ಅಜ್ಜಾರೆ, ಮಗಳ ಲಗ್ನಪತ್ರಿಕೆಯೊಳಗ ನಮ್ಮಣ್ಣನ ಹೆಸರು ಬಿಟ್ಟರ ತಪ್ಪಾಗ್ತೈತೇನ್ರಿ?"

ಕೊಟ್ರೇಶ ಇದನ್ನು ಕೇಳಿದ್ದು ಮಠದ ಪಡಸಾಲೆಯಲ್ಲಿ, ಗುರುಗಳು ಬೆಳಗಿನ ಪೂಜೆ ಮುಗಿಸಿ ಕಂಬಕ್ಕೆ ಒರಗಿ ಕುಳಿತಾಗ. ಪ್ರಶ್ನೆ ಕೇಳಲು ಬಂದಿದ್ದರೂ ಉತ್ತರವನ್ನು ಅವನು ಮನೆಯಿಂದಲೇ ತಂದಿದ್ದ. ಗುರುಗಳ ಬಾಯಿಂದ "ತಪ್ಪಿಲ್ಲ" ಎಂಬ ಒಂದು ಮಾತು ಬಿದ್ದರೆ ಎದ್ದು ನೆಟ್ಟಗೆ ಪ್ರೆಸ್ಸಿಗೆ ಹೋಗುವುದಷ್ಟೇ ಬಾಕಿ. ಪತ್ರಿಕೆ ಅಂದೇ ಮಧ್ಯಾಹ್ನ ಅಚ್ಚಾಗಬೇಕಿತ್ತು.

"ಯಾಕ ಬಿಡಬೇಕು?" ಎಂದರು ಗುರುಗಳು.

ಅಷ್ಟು ಕೇಳಿದ್ದೇ ಸಾಕಾಯಿತು. ಕೊಟ್ರೇಶ ಎದೆಯಲ್ಲಿದ್ದುದನ್ನೆಲ್ಲ ಹೊರಗೆ ಹಾಕಿದ. ಅಣ್ಣ ಪಂಪಣ್ಣ ಬಟ್ಟೆ ಹೊಲಿಯುವವನು. ಅಪ್ಪ ಹೋದಮೇಲೆ ಮಷೀನು ತುಳಿದು ತಮ್ಮನನ್ನು ಓದಿಸಿದವನು. ಅದನ್ನು ಕೊಟ್ರೇಶ ಇಲ್ಲವೆನ್ನುವುದಿಲ್ಲ. ಈಗ ಅವನು ಊರಿನ ದೊಡ್ಡ ಕಚೇರಿಯೊಂದರಲ್ಲಿ ಕಂಪ್ಯೂಟರುಗಳನ್ನೆಲ್ಲ ನೋಡಿಕೊಳ್ಳುತ್ತಾನೆ. ಅಣ್ಣನಿಗೆ ಮದುವೆಯಿಲ್ಲ, ಮಕ್ಕಳಿಲ್ಲ. ತಮ್ಮನ ಮನೆಯೇ ಅವನ ಮನೆ. ಹೆಣ್ಣು ನೋಡಲು ಬೀಗರು ಬರುತ್ತಾರೆಂದು ಮನೆಗೆ ಬಣ್ಣ ಹೊಡೆಸಿ, ಟೈಲ್ಸ್ ಹಾಕಿಸಿ, ಮುಂದಿನ ಕೋಣೆಗೆ ಸೋಫಾ ತಂದಾಗ ಅಣ್ಣನನ್ನೇನು ಮರೆತನೇ? ಅವನ ಹೊಲಿಗೆ ಮಷೀನಿಗೆ ಹಿತ್ತಲ ಕಡೆ ಒಂದು ಕೋಣೆಯನ್ನೇ ಬಿಟ್ಟುಕೊಟ್ಟ. ಫ್ಯಾನು ಹಾಕಿಸಿದ. ಟ್ಯೂಬ್‌ಲೈಟು ಹಾಕಿಸಿದ. ಇಷ್ಟೆಲ್ಲ ಮಾಡಿದರೂ ಅಣ್ಣ ಮಾತು ಬಿಟ್ಟ. ಆಮೇಲೆ ಒಂದು ದಿನ ಮಷೀನನ್ನು ಕೈಗಾಡಿಯ ಮೇಲೆ ಹೇರಿಕೊಂಡು ಬಸ್‌ಸ್ಟ್ಯಾಂಡಿನ ಹತ್ತಿರ ಬಾಡಿಗೆ ಕೋಣೆ ಹಿಡಿದ.

"ಫೋನ್ ಮಾಡಿದರ ಎತ್ತಂಗಿಲ್ರಿ. ಹೋಗಿ ಬಾಗಿಲಾಗ ನಿಂತರ ತಲಿ ಎತ್ತಂಗಿಲ್ಲ, ಹೊಲಕೋತ ಕುಂತಿರ್ತಾನ. ಕರದು ಕರದು ಸಾಕಾತು. ಅವನು ಇಲ್ಲ ಅಂತ ತಿಳಕೊಂಡು ಹಿರೇತನಕ್ಕ ನನ್ನ ಹೆಂಡ್ತಿ ಅಣ್ಣನ್ನ ಕುಂದ್ರಸ್ತೀನಿ. ಪತ್ರಿಕೆಯೊಳಗೂ ಅವನ ಹೆಸರೇ ಹಾಕಸ್ತೀನಿ. ಇದ್ದವರಾಗ ನಡಸಬೇಕಲ್ರಿ?"

ಅಣ್ಣನ ಮೇಲೆ ಅವನಿಗೆ ಸಿಟ್ಟಿತ್ತು ನಿಜ. ಆದರೆ ಅಣ್ಣ ಹೀಗೂ ಮಾಡುತ್ತಾನೆಯೇ ಎಂಬ ಬೆರಗೇ ಸಿಟ್ಟಿಗಿಂತ ದೊಡ್ಡದಾಗಿತ್ತು. ತಿಂಗಳು ಕಳೆದರೂ ಆ ಪೆಟ್ಟಿನಿಂದ ಅವನು ಚೇತರಿಸಿಕೊಂಡಿರಲಿಲ್ಲ.

ಗುರುಗಳದು ಒಂದು ಪದ್ಧತಿ. ನೇಕಾರ ಬಂದು ಕೇಳಿದರೆ ಮಗ್ಗದ ಕತೆ ಹೇಳುವರು, ಕುರಿ ಕಾಯುವವನು ಬಂದರೆ ಹಿಂಡಿನ ಕತೆ. ಕಂಪ್ಯೂಟರಿನವನಿಗೆ ಏನು ಹೇಳುತ್ತಾರೋ ನೋಡೋಣ ಎಂದು ಮಠದವರು ಕೊಟ್ರೇಶನನ್ನು ಆಗಾಗ ಚೇಷ್ಟೆ ಮಾಡುವುದಿತ್ತು. ಇಂದು ಆ ಚೇಷ್ಟೆ ಗುರುಗಳ ಕಿವಿಗೂ ಬಿದ್ದಂತಿತ್ತು.

"ಒಂದು ಆಸ್ಪತ್ರೆಯಲ್ಲಿ ಹಳೆಯದೊಂದು ಸರ್ವರ್ ಇತ್ತು," ಎಂದು ಶುರು ಮಾಡಿದರು.

ಕೊಟ್ರೇಶನಿಗೆ ದುಃಖದಲ್ಲೂ ನಗು ಬಂತು. ಕಾವಿ ಉಟ್ಟವರ ಬಾಯಲ್ಲಿ ಸರ್ವರ್! ಎಲ್ಲಾದರೂ ತಪ್ಪಿದರೆ ತಿದ್ದಬೇಕಾಗುತ್ತದೆ ಎಂದುಕೊಂಡು ಕಾಲು ಮಡಚಿ ಕುಳಿತ.

ಗುರುಗಳು ಹೇಳಿದ ಕತೆ ಇದು.

ರೋಗಿಗಳ ತಲೆ, ಎದೆ, ಎಲುಬು ಎಲ್ಲದರ ಸ್ಕ್ಯಾನ್ ಚಿತ್ರಗಳೂ ಆ ಸರ್ವರಿನಲ್ಲಿದ್ದವು. ಅದರ ಮುಂಭಾಗದಲ್ಲಿ ಸಾಲಾಗಿ ಕಿಂಡಿಗಳು. ಒಂದೊಂದು ಕಿಂಡಿಯಲ್ಲಿ ಒಂದೊಂದು ಡಿಸ್ಕ್. ಕೊನೆಯ ಕಿಂಡಿ ಮಾತ್ರ ಖಾಲಿ. ಪ್ರತಿಯೊಂದು ಚಿತ್ರವನ್ನೂ ಚೂರು ಮಾಡಿ ಎಲ್ಲ ಡಿಸ್ಕುಗಳಿಗೂ ಹಂಚಿ ಇಡುವ ಹಳೆಯ ಏರ್ಪಾಡು ಅದು. ಒಂದು ಡಿಸ್ಕ್ ಇಲ್ಲದಿದ್ದರೂ ಒಂದು ಚಿತ್ರವೂ ಪೂರ್ತಿಯಾಗುವುದಿಲ್ಲ.

ಸರ್ವರ್ ನೋಡಿಕೊಳ್ಳುವವನೊಬ್ಬನಿದ್ದ. ಒಳ್ಳೆಯ ಕೆಲಸಗಾರ, ಮೇಲಾಗಿ ದೈವಭಕ್ತ. ಆಯುಧ ಪೂಜೆ ಬಂತು. ಪ್ರತಿ ವರ್ಷ ಪೆಟ್ಟಿಗೆಯ ಮೇಲೆ ಕುಂಕುಮ ಇಟ್ಟು ಕೈಮುಗಿಯುತ್ತಿದ್ದವನು ಈ ಸಲ ಮನಸ್ಸು ತುಂಬಿ ಪೂಜೆ ಮಾಡಬೇಕೆಂದುಕೊಂಡ. ಯಂತ್ರವನ್ನು ಆರಿಸಿದ. ಧೂಳು ಊದಿದ, ಒರೆಸಿದ. ವಿಭೂತಿ ಬಳಿದು ಕುಂಕುಮ ಇಟ್ಟ. ಚೆಂಡುಹೂವಿನ ಮಾಲೆ ಹಾಕಿದ. ಮುಂಭಾಗಕ್ಕೆ ದೇವಿಯ ಪಟವೊಂದನ್ನು ಅಂಟಿಸಿದ. ನೋಡಿದವರೆಲ್ಲ ಚೆಂದವಾಯಿತು ಎಂದರು.

ಮಾರನೆಯ ಬೆಳಿಗ್ಗೆ ಗುಂಡಿ ಒತ್ತಿದರೆ ಸರ್ವರ್ ಏಳಲಿಲ್ಲ. ಫ್ಯಾನು ಗುಯ್‌ಗುಟ್ಟಿತು, ಬೀಪ್ ಬೀಪ್ ಎಂದಿತು, ಪರದೆ ಮಾತ್ರ ಕಪ್ಪು.

ಅವನು ಗಾಬರಿಯಾಗಲಿಲ್ಲ. ಮುಂದಿನ ಪಟ, ಮಾಲೆ ಮುಟ್ಟದೆ ಪಕ್ಕದ ಮುಚ್ಚಳ ತೆರೆದು ಮೆಮೊರಿ ಪಟ್ಟಿಗಳನ್ನು ಬಿಚ್ಚಿ, ಪೆನ್ಸಿಲ್ ಅಳಿಸುವ ರಬ್ಬರಿನಿಂದ ಉಜ್ಜಿ ಕೂರಿಸಿದ. ಪರದೆ ಬೆಳಗಿತು, ಗಡಿಯಾರ ಹಳೆಯ ಯಾವುದೋ ವರ್ಷಕ್ಕೆ ಹೋಗಿತ್ತು. ಬಿಲ್ಲೆಯಂಥ ಬ್ಯಾಟರಿಯನ್ನು ಬದಲಿಸಿದ. ಆಗ ಪರದೆಯ ಮೇಲೆ ಒಂದು ಸಾಲು ಬಂತು: ಮೊದಲನೆಯ ಡಿಸ್ಕ್ ಸಿಗುತ್ತಿಲ್ಲ.

ಕೇಬಲ್ ಬದಲಿಸಿದ. ಸಿಗಲಿಲ್ಲ. ಡಿಸ್ಕುಗಳನ್ನು ನಡೆಸುವ ಕಾರ್ಡನ್ನು ತೆಗೆದು, ಗುಜರಿಗೆ ಹಾಕಿದ್ದ ಇನ್ನೊಂದು ಯಂತ್ರದ ಕಾರ್ಡು ಹಾಕಿ ನೋಡಿದ. ಅದಕ್ಕೂ ಸಿಗಲಿಲ್ಲ. ಮೊದಲಿನ ಕಾರ್ಡನ್ನೇ ಮತ್ತೆ ಹಾಕಿದ. ಒಳಗಿನದನ್ನೆಲ್ಲ ಕಳಚಿ, ಬೇಕೇಬೇಕಾದಷ್ಟನ್ನು ಮಾತ್ರ ಇಟ್ಟು, ಒಂದೊಂದಾಗಿ ಸೇರಿಸುತ್ತ ಬಂದ.

"ಪದ್ಧತಿ ಸರಿ ಐತ್ರಿ," ಎಂದ ಕೊಟ್ರೇಶ. ಅವನಿಗೆ ಈಗ ಲಗ್ನಪತ್ರಿಕೆ ಮರೆತೇ ಹೋಗಿತ್ತು. ಆ ಯಂತ್ರದ ಮುಂದೆ ತಾನೇ ಕುಳಿತಂತೆ ಅವನ ಬೆರಳುಗಳು ಆಡುತ್ತಿದ್ದವು.

ಪದ್ಧತಿ ಸರಿಯಿದ್ದರೂ ಡಿಸ್ಕ್ ಸಿಗಲಿಲ್ಲ ಎಂದು ಗುರುಗಳು ಮುಂದುವರಿಸಿದರು. ಹೊರಗೆ ರೋಗಿಗಳು ಸಾಲುಗಟ್ಟಿದ್ದರು. ದೊಡ್ಡ ಡಾಕ್ಟರು ಬಂದು ಅವನ ಬೆನ್ನ ಹಿಂದೆ ನಿಂತರು. ಯಂತ್ರ ಈಗ ಅವನನ್ನೇ ಒಂದು ಪ್ರಶ್ನೆ ಕೇಳುತ್ತಿತ್ತು: ಮೊದಲನೆಯ ಡಿಸ್ಕನ್ನು ಬಿಟ್ಟು, ಇರುವ ಡಿಸ್ಕುಗಳಿಂದ ಹೊಸ ಏರ್ಪಾಡು ಮಾಡಲೇ? ಹೌದು, ಇಲ್ಲ.

"ಆ ಡಿಸ್ಕ್ ಇಲ್ಲ ಅಂತ ಮಷೀನೇ ಹೇಳ್ತೈತಿ," ಎಂದರು ಡಾಕ್ಟರು. "ಎಷ್ಟಂತ ಕರೀತಿ? ಇದ್ದದ್ದರಾಗ ನಡಸು."

ಅವನೂ ಕರೆದು ಕರೆದು ಸೋತಿದ್ದ. 'ಹೌದು' ಒತ್ತಿದ.

"ಒತ್ತಿದ್ನಾ!"

ಕೊಟ್ರೇಶ ಕುಳಿತಲ್ಲೇ ಅರ್ಧ ಎದ್ದಿದ್ದ. ಅವನ ಮುಖ ಬಿಳಿಚಿಕೊಂಡಿತ್ತು. ಪಡಸಾಲೆಯ ಆ ತುದಿಯಲ್ಲಿ ಹೂವು ಕಟ್ಟುತ್ತಿದ್ದ ಹೆಂಗಸರು ಕತ್ತೆತ್ತಿ ನೋಡಿದರು.

"ಹೊಸ ಏರ್ಪಾಡು ಅಂದ್ರ ಹಳೇದನ್ನೆಲ್ಲ ಒರಸಿಬಿಡ್ತೈತ್ರೀ ಅದು! ಇನ್ನೊಂದು ಪ್ರತಿ ತೆಗದಿಟ್ಟಿರಲಿಲ್ಲೇನು?"

"ಇಟ್ಟಿದ್ದ. ಅದೇ ಸರ್ವರಿನಾಗ," ಎಂದರು ಗುರುಗಳು.

ಕೊಟ್ರೇಶ ಹಣೆ ಹಣೆ ಬಡಿದುಕೊಂಡ. "ಮನೀಗೆ ಬೀಗ ಹಾಕಿ ಕೀಲಿ ಮನಿಯೊಳಗ ಬಿಟ್ಟಂಗಾತಲ್ರಿ!" ಎಂದ.

ಯಂತ್ರ ಎದ್ದಿತು ಎಂದರು ಗುರುಗಳು. ಬೀಪ್ ಇಲ್ಲ, ತಕರಾರಿಲ್ಲ. ಹೊಸದರಂತೆ ಎದ್ದಿತು. ಡಾಕ್ಟರು ಭೇಷ್ ಎಂದು ಅವನ ಭುಜ ತಟ್ಟಿ ಹೋದರು. ಸ್ವಲ್ಪ ಹೊತ್ತಿಗೆ ಅವರೇ ಓಡಿಬಂದರು. ಒಬ್ಬ ಹೆಂಗಸು ಬಂದಿದ್ದಳು. ಅವಳ ತಲೆಯೊಳಗೆ ಒಂದು ಗಂಟಿತ್ತು. ಅದು ಬೆಳೆದಿದೆಯೋ, ಇದ್ದಷ್ಟೇ ಇದೆಯೋ ಎಂದು ತಿಳಿಯಲು ಹಳೆಯ ಚಿತ್ರ ಬೇಕಿತ್ತು. ಬೆಳೆದಿದ್ದರೆ ತಲೆ ತೆರೆದು ಗಂಟು ತೆಗೆಯಬೇಕು, ಇಲ್ಲವಾದರೆ ಮುಟ್ಟಬಾರದು. ಅವಳ ಹೆಸರು ಹಾಕಿದರೆ ಪರದೆ ಖಾಲಿ. ಇನ್ನೊಬ್ಬರ ಹೆಸರು ಹಾಕಿದರೂ ಖಾಲಿ. ಆ ಊರಿನ ಜನ ಇಷ್ಟು ವರ್ಷ ನೋವು ತಿಂದು ತೆಗೆಸಿಕೊಂಡ ಚಿತ್ರಗಳಲ್ಲಿ ಒಂದೂ ಉಳಿದಿರಲಿಲ್ಲ. ಡಾಕ್ಟರು ಅವಳ ಹೆಸರನ್ನೇ ಮತ್ತೆ ಮತ್ತೆ ಹಾಕಿಸಿ ನೋಡಿದರು. ಹೆಂಗಸು ಮಾತ್ರ, ಏನಾಯಿತೆಂದು ತಿಳಿಯದೆ, ಸೆರಗು ಹಿಡಿದುಕೊಂಡು ಅವರ ಮುಖವನ್ನೇ ನೋಡುತ್ತಿದ್ದಳು.

ಸರ್ವರ್ ನೋಡಿಕೊಳ್ಳುವವನು ಯಂತ್ರದ ಮುಂದೆ ಕುಸಿದು ಕುಳಿತ. ಇನ್ನು ಇದಕ್ಕೆ ಪೂಜೆ ಬೇರೆ ಕೇಡು ಎನಿಸಿತೋ ಏನೋ, ಬಾಡಿದ ಮಾಲೆ ಕಿತ್ತ. ಪಟವನ್ನು ಬಿಡಿಸಿದ.

ಪಟದ ಹಿಂದೆ ಒಂದು ಕಿಂಡಿ ಬಾಯಿ ತೆರೆದುಕೊಂಡಿತ್ತು. ಮೊದಲನೆಯ ಕಿಂಡಿ. ಅದರಲ್ಲಿ ಡಿಸ್ಕ್ ಇರಲಿಲ್ಲ.

ಅವನ ಕಣ್ಣು ಸಾಲಿನ ಗುಂಟ ಜರುಗಿ ಕೊನೆಗೆ ಹೋಯಿತು. ಯಾವಾಗಲೂ ಖಾಲಿಯಿರುತ್ತಿದ್ದ ಕಿಂಡಿಯಲ್ಲಿ ಒಂದು ಡಿಸ್ಕ್ ಕುಳಿತಿತ್ತು. ಅದಕ್ಕೂ ವಿಭೂತಿ, ಅದಕ್ಕೂ ಕುಂಕುಮ. ಹಸಿರು ದೀಪ ಮಿನುಗುತ್ತಿತ್ತು.

ಆಗ ಅವನಿಗೆ ಎಲ್ಲ ನೆನಪಾಯಿತು. ಪಟ ಅಂಟಿಸುವಾಗ ಮುಂದೆ ಜಾಗ ಸಾಲದೆ ಮೊದಲನೆಯ ಡಿಸ್ಕಿನ ಹಿಡಿ ಅಡ್ಡ ಬಂದಿತ್ತು. ಅವನೇ ಅದನ್ನು ಎಳೆದು, ಒರೆಸಿ, ಕೊನೆಯ ಕಿಂಡಿಗೆ ದೂಡಿದ್ದ. ಒಳಗಿದ್ದರಾಯಿತು, ಯಾವ ಕಿಂಡಿಯಾದರೇನು ಎಂದುಕೊಂಡಿದ್ದ. ಹೊಸ ಜಾಗವೆಂದು ಅದಕ್ಕೊಂದು ಹೂವನ್ನೂ ಹೆಚ್ಚಿಗೆ ಏರಿಸಿದ್ದ. ಮಾಡಿದ್ದೆಲ್ಲ ಭಕ್ತಿಯಿಂದಲೇ ಆದ್ದರಿಂದ ಅದರಲ್ಲಿ ತಪ್ಪಿರಬಹುದೆಂದು ಅವನಿಗೆ ಹೊಳೆಯಲೇ ಇಲ್ಲ.

ಗುರುಗಳು ಕತೆ ನಿಲ್ಲಿಸಿದರು.

ಎಷ್ಟೋ ಸರ್ವರುಗಳು ಕೊಟ್ರೇಶನ ಕೈಯಲ್ಲಿ ಕೆಟ್ಟಿವೆ, ಎದ್ದಿವೆ. ಆದರೆ ಇಂಥದ್ದನ್ನು ಅವನು ಕೇಳಿರಲಿಲ್ಲ. ಒಂದು ಊರಿನ ಜನರ ನೋವಿನ ಚಿತ್ರಗಳೆಲ್ಲ ಒಬ್ಬನ ಒಂದು ಬೆರಳಿಗೆ ಹೋದವಲ್ಲ! ಅದೂ ಡಿಸ್ಕ್ ಅಲ್ಲೇ, ಅದೇ ಪೆಟ್ಟಿಗೆಯಲ್ಲಿ, ದೀಪ ಹಚ್ಚಿಕೊಂಡು ಕುಳಿತಿರುವಾಗ! ಅವನಿಗೆ ಅಳು ಬರುವಂತಾಯಿತು, ಹಿಂದೆಯೇ ಕೆಂಡದಂಥ ಕೋಪ ಬಂತು.

"ಎಂಥಾ ಮನಷ್ಯಾರೀ ಅವನು!" ಎಂದು ಅವನು ಗುರುಗಳೆದುರು ಇದ್ದೇನೆಂಬುದನ್ನೂ ಮರೆತು ಕೂಗಿದ. "ಡಿಸ್ಕ್ ಎಲ್ಲೂ ಹೋಗಿರಲಿಲ್ಲ, ಕೆಟ್ಟಿರಲಿಲ್ಲ. ಅಂಥಾ ಹಳೇ ಮಷೀನು ಡಿಸ್ಕನ್ನ ಕಿಂಡಿ ಮ್ಯಾಲೇ ಗುರುತಿಸ್ತೈತಿ, ಅದರ ಹಳೇ ಜಾಗದಾಗ ಕರದರ ಅದು ಹ್ಯಾಂಗ ಓ ಅಂತೈತ್ರಿ? ಆ ಜಾಗದಿಂದ ಕಿತ್ತವನು ಇವನ! ಮೆಮೊರಿ ಅನುಮಾನಿಸಿದ, ಬ್ಯಾಟರಿ ಅನುಮಾನಿಸಿದ, ಕೇಬಲ್ ಅನುಮಾನಿಸಿದ. ತನ್ನ ಕೈಯೊಂದನ್ನ ಬಿಟ್ಟ!"

"ಹಂಗಾರ ಅವನು 'ಹೌದು' ಒತ್ತೂತನಕ ಏನೂ ಹಾಳಾಗಿರಲಿಲ್ಲ ಅಂತಿಯೇನು?"

"ಏನೇನೂ ಹಾಳಾಗಿರಲಿಲ್ರಿ! ಆ ಪಟ ಬಿಚ್ಚಿ, ಡಿಸ್ಕ್ ತಗೊಂಡು ಮೊದಲಿನ ಕಿಂಡಿಗೆ ಇಟ್ಟಿದ್ರ ಮುಗೀತಿತ್ತು. ಏನೂ ಆಗೇ ಇಲ್ಲ ಅನ್ನೋಹಂಗ ನಡೀತಿತ್ತು. ನಾ ಅಲ್ಲಿ ಇದ್ದಿದ್ರ ಒಂದಕ್ಕೂ ಕೈ ಹಚ್ಚತಿರಲಿಲ್ಲ. ಮೊದಲು ಒಂದ ಮಾತು ಕೇಳತಿದ್ದೆ, ಇದು ಮೊದಲು ಎಲ್ಲಿತ್ತು ಅಂತ."

ಗುರುಗಳು ಒರಗಿದ್ದ ಕಂಬವನ್ನು ಬಿಟ್ಟು ನೆಟ್ಟಗೆ ಕುಳಿತರು. ಬಹಳ ಮೆಲ್ಲಗೆ ಕೇಳಿದರು.

"ನಿಮ್ಮಣ್ಣನ ಹೊಲಿಗೆ ಮಷೀನು ಮೊದಲು ಎಲ್ಲಿತ್ತಪ್ಪ, ಕೊಟ್ರೇಶಾ?"

ಕೊಟ್ರೇಶ ಬಾಯಿ ತೆರೆದ. ಮುಂದಿನ ಕೋಣೆಯ ಕಿಟಕಿ, ಕಿಟಕಿಯ ಬೆಳಕಿನಲ್ಲಿ ಬಗ್ಗಿ ಕುಳಿತ ಅಣ್ಣ, ಬೀದಿಯಲ್ಲಿ ಹೋಗುವವರೆಲ್ಲ ಅವನನ್ನು ಮಾತಾಡಿಸಿ ಹೋಗುತ್ತಿದ್ದುದು, ಈಗ ಅಲ್ಲಿರುವ ಸೋಫಾ, ಎಲ್ಲವೂ ಒಟ್ಟಿಗೆ ಕಣ್ಣೆದುರು ಬಂದು ನಿಂತವು.