ಬಟ್ಟಲು ತಡವಾದದ್ದು

ಜಪಾನಿನ ಹಳೆಯ ಅರಮನೆಯೊಂದರಲ್ಲಿ ವಸಂತ ಬಂದರೆ ಮದ್ಯದ ಬಟ್ಟಲನ್ನು ತೊರೆಯಲ್ಲಿ ತೇಲಿಬಿಡುತ್ತಿದ್ದರು. ಅದು ತನ್ನೆದುರು ಬರುವಷ್ಟರಲ್ಲಿ ದಡದಲ್ಲಿ ಕೂತ ಕವಿ ಪದ್ಯ ಮುಗಿಸಬೇಕು.

ಆ ವರ್ಷ ಗಡೀಪಾರಿನಿಂದ ಮರಳಿದ ಮುದಿ ವಿದ್ವಾಂಸ ಮೊರಿಹಿರನೂ ಕೂತಿದ್ದ. ಬರೆಯದಿದ್ದರೆ ಆಸ್ಥಾನದಲ್ಲಿ ಜಾಗವಿಲ್ಲ. ಕಾಗದವೋ ಇನ್ನೂ ಖಾಲಿ.

"ದಾರಿ ಬಿಡು," ಎಂದು ಬಟ್ಟಲು ತೊರೆಯ ಕಲ್ಲನ್ನು ಗದರಿತು. "ನಾನು ಯಾರಿಗೂ ಕಾಯುವುದಿಲ್ಲ."

"ಕಾಯಬೇಡ ಮಾರಾಯ, ನನ್ನನ್ನೊಂದು ಸುತ್ತು ಹಾಕು. ಆ ಮುದುಕನ ಕುಂಚ ಈಗಷ್ಟೇ ಅಲುಗಿತು," ಎಂದಿತು ಕಲ್ಲು.

ಬಟ್ಟಲು ಗೊಣಗುತ್ತಲೇ ಸುತ್ತಿತು. ಕುಂಚ ಓಡುವುದನ್ನು ಕಂಡು, ಯಾರೂ ಹೇಳದೆಯೇ ಇನ್ನೊಮ್ಮೆ ಸುತ್ತಿತು. ಮೊರಿಹಿರ ಪದ್ಯ ಮುಗಿಸಿ, ಬಟ್ಟಲನ್ನೆತ್ತಿ ಕುಡಿದು ಮತ್ತೆ ತೊರೆಗೆ ಬಿಟ್ಟ.

"ಯಾಕಿಷ್ಟು ತಡ?" ಎಂದು ತೊರೆಯ ಕೆಳಗಿನ ತಿರುವಿನಲ್ಲಿ ಕಾದಿದ್ದ ಬಾತುಕೋಳಿಯೊಂದು ಕೇಳಿತು.

"ಗಡೀಪಾರಾಗಿದ್ದ ಕವಿತೆಯೊಂದು ಮನೆಗೆ ಮರಳುತ್ತಿತ್ತು," ಎಂದಿತು ಬಟ್ಟಲು. "ಬದಿಗೆ ಸರಿದು ದಾರಿ ಬಿಟ್ಟೆ."