ಮೊದಲ ತುತ್ತು ಕಡೆದೋರದು

ಒಂದಾನೊಂದು ಕಾಲದಲ್ಲಿ, ತೀರಾ ರಾಜರ ಕಾಲ ಅಲ್ಲ ಕೂಸೇ, ಊರೂರಿಗೆ ಆಗತಾನೇ ಕರೆಂಟಿನ ಕಂಬ ಬರ್ತಿದ್ದ ಕಾಲದಲ್ಲಿ, ಬಂಡೆಹಟ್ಟಿ ಅನ್ನೋ ಊರಲ್ಲಿ ಓಬಯ್ಯ ಅಂತ ಒಬ್ಬ ಕಲ್ಲುಕುಟಿಗ ಇದ್ದನಂತೆ. ಒರಳುಕಲ್ಲು ಕಡೆಯೋದು ಅವನ ತಾತ ಮುತ್ತಾತನ ಕಾಲದ ಕಸುಬು. ಅವನಿಗೆ ಮೂರು ಮಕ್ಕಳು. ದೊಡ್ಡೋನು ತಿಪ್ಪೇಶಿ, ಅವನ ಬೆನ್ನಿಗೆ ಗುರುವ, ಕಿರಿಯೋಳು ದ್ಯಾವಕ್ಕ. ಕಾಲು ಆಡಿಸಬೇಡ, ಸುಮ್ನೆ ಮಲಕ್ಕೊಂಡು ಕೇಳು. ಈ ಕತೆ ಹೇಳುವಾಗಲೆಲ್ಲ ನನಗೆ ಮೈ ಉರಿಯತ್ತೆ, ಆದ್ರೂ ಹೇಳ್ತೀನಿ.

ಆ ಮನೇಲಿ ಒಂದು ಪದ್ಧತಿ ಇತ್ತಂತೆ. ಹೊಸ ಒರಳು ಕಡೆದ ಮೇಲೆ ಹಂಗೇ ಗಿರಾಕಿಗೆ ಕೊಡೋ ಹಾಗಿಲ್ಲ. ಮೊದಲು ತೌಡು ಹಾಕಿ ರುಬ್ಬಿ ಕಲ್ಲಿನ ಪುಡಿಯೆಲ್ಲ ತೆಗೀಬೇಕು, ಆಮೇಲೆ ಅಕ್ಕಿ ಉದ್ದು ರುಬ್ಬಿ ಇಡ್ಲಿ ಬೇಯಿಸಬೇಕು, ಆಮೇಲೆ ಆ ಇಡ್ಲೀನ ಕಡೆದ ಮನೆಯೋರೇ ತಿನ್ನಬೇಕು. ಹಲ್ಲಿಗೆ ಒಂದು ಹರಳು ಸಿಕ್ಕಿದ್ರೂ ಆ ಕಲ್ಲು ಮನೆ ಬಿಡೋ ಹಾಗಿಲ್ಲ. ನಾವು ಅಗಿಯಲಾರದ್ದನ್ನ ಇನ್ನೊಬ್ಬರ ಮಕ್ಕಳ ಬಾಯಿಗೆ ಇಡಬಾರದು ಅಂತ ಓಬಯ್ಯ ಹೇಳ್ತಿದ್ದನಂತೆ. ಗಂಡುಮಕ್ಕಳಿಬ್ಬರೂ ಹಲ್ಲು ಸವೆಯತ್ತೆ ಅಂತ ಏನಾದ್ರೂ ನೆಪ ಹೇಳಿ ಎದ್ದು ಹೋಗೋರು. ಹಂಗಾಗಿ ಎಲ್ಲ ಕಲ್ಲಿನ ಮೊದಲ ತುತ್ತೂ ದ್ಯಾವಕ್ಕನ ಪಾಲಿಗೇ ಬಂತು. ತಿಂದೂ ತಿಂದೂ ಅವಳಿಗೆ ಯಾವುದು ಬಂಡೆಯ ಒಳಗಿನ ಗಟ್ಟಿ ಕಲ್ಲು, ಯಾವುದು ಬಿಸಿಲಿಗೆ ಬೆಂದು ಉದುರೋ ಮೇಲ್ಪದರದ್ದು ಅನ್ನೋದು ನಾಲಿಗೇಲೇ ತಿಳೀತಿತ್ತಂತೆ. ಅಪ್ಪನ ಪಕ್ಕ ಕೂತು ಉಳಿ ಹಿಡಿಯೋದನ್ನೂ ಕಲಿತಿದ್ದಳಂತೆ.

ಆಮೇಲೆ ಓಬಯ್ಯ ಕಲ್ಲಿನ ಧೂಳು ಕುಡಿದೂ ಕುಡಿದೂ ಎದೆಗೂಡು ಸೋತು ಸತ್ತನಂತೆ. ತಿಥಿ ಮುಗಿದ ದಿನವೇ ಪಾಲು ಮಾಡೋಕೆ ಕೂತರು. ಬಂಡೆ ದೊಡ್ಡೋನಿಗೆ, ಉಳಿ ಸುತ್ತಿಗೆ ಹಾರೆ ಎಲ್ಲ ಗುರುವನಿಗೆ. ಹಾಗಾದ್ರೆ ನನಗೇನು ಅಂತ ದ್ಯಾವಕ್ಕ ಕೇಳಿದಳಂತೆ. ಅದಕ್ಕೆ ತಿಪ್ಪೇಶಿ ನೆಂಟರ ಮುಂದೇನೇ ನಗ್ತಾ ಹೇಳಿದನಂತೆ:

"ಇಷ್ಟು ವರ್ಷ ಕೂತು ಇಡ್ಲಿ ತಿಂದೆಯಲ್ಲ, ನಿನ್ನ ಪಾಲಿಗೆ ನಿನ್ನ ಹಲ್ಲು."

ಕೂತಿದ್ದ ನೆಂಟರೂ ನಕ್ಕರಂತೆ, ಅವರ ಬಾಯಿಗೆ ಮಣ್ಣು ಬೀಳ. ದ್ಯಾವಕ್ಕ ಅಳಲಿಲ್ಲ. ಅಷ್ಟು ಸಿಟ್ಟು ಬಂದಾಗ ಅಳು ಬರಲ್ಲ ಕೂಸೇ. ಅಪ್ಪ ಕೊನೇಗೆ ಕಡೆದಿದ್ದ ಒಂದು ಒರಳು ಹಿತ್ತಲಲ್ಲಿ ಬಿದ್ದಿತ್ತು, ಅದನ್ನ ಗಾಡಿಗೆ ಏರಿಸಿಕೊಂಡು ಪೇಟೆಗೆ ಹೊರಟೇಬಿಟ್ಟಳಂತೆ.

ಪೇಟೇಲಿ ಸುಬ್ಬಕ್ಕ ಅಂತ ಒಬ್ಬ ಮುದುಕಿ ಇಡ್ಲಿ ಹೋಟ್ಲು ಇಟ್ಟಿದ್ದಳಂತೆ. ಅವಳ ಹಿತ್ತಲ ಶೆಡ್ಡಲ್ಲಿ ಇರೋಕೆ ಜಾಗ, ಅದಕ್ಕೆ ಬದಲು ದಿನಾ ಹಿಟ್ಟು ರುಬ್ಬಿಕೊಡಬೇಕು ಅಂತ ಮಾತಾಯ್ತು. ಗುಂಡುಕಲ್ಲು ತಿರುಗಿಸಿ ತಿರುಗಿಸಿ ದ್ಯಾವಕ್ಕನ ಹೆಗಲು ಊದಿಕೊಂಡಿತಂತೆ. ಪಕ್ಕದಲ್ಲೇ ಖಾಸಿಂಸಾಬರ ಹಿಟ್ಟಿನ ಗಿರಣಿ. ಗಡಗಡ ಅಂತ ಊರಿನ ರಾಗಿಯೆಲ್ಲ ಬೀಸಿ ಹಾಕ್ತಿತ್ತು. ಅದನ್ನ ನೋಡಿದಾಗ ಅವಳಿಗೆ ಮತ್ತೆ ಸಿಟ್ಟು ಬಂತಂತೆ. ಗಂಡಸರು ಅಂಗಡಿ ಇಟ್ಟು ಬೀಸೋದಕ್ಕೆ ಕರೆಂಟು ಬರತ್ತೆ, ಹೆಂಗಸರು ಅಡುಗೆಮನೇಲಿ ರುಬ್ಬೋದಕ್ಕೆ ಮಾತ್ರ ರಟ್ಟೇನೇ ಬೇಕಾ ಅಂತ.

ಆಮೇಲೆ ಸಾಬರ ಹತ್ರ ಹೋಗಿ ಮೂಲೇಲಿ ಬಿದ್ದಿದ್ದ ಹಳೇ ಮೋಟರು ಕೇಳಿ ತಂದು ಅಪ್ಪನ ಒರಳಿಗೆ ಕಟ್ಟಿದಳಂತೆ. ಮೊದಲ ಸಲ ಕಲ್ಲು ಎಷ್ಟು ಜೋರಾಗಿ ತಿರುಗಿತು ಅಂದ್ರೆ ಹಿಟ್ಟೆಲ್ಲ ಹಾರಿ ಸುಬ್ಬಕ್ಕನ ಮುಖಕ್ಕೆ ಮೆತ್ತಿಕೊಂಡಿತಂತೆ. ನಗು ಬಂತಾ? ನಗು ನಗು, ಸುಬ್ಬಕ್ಕಂಗೆ ಬಂದಿರಲಿಲ್ಲ. ಎರಡನೇ ಸಲ ಮೇಲೆ ಮುಚ್ಚಳ ಹಾಕಿದಳು, ಹಿಟ್ಟು ಒಳಗೇ ಬಿಸಿಯಾಗಿ ಹುಳಿ ನಾತ ಹೊಡೀತು. ಮೂರನೇ ಸಲ ಮೋಟರಿನ ಸಣ್ಣ ಚಕ್ರದಿಂದ ಒರಳಿನ ದೊಡ್ಡ ಚಕ್ರಕ್ಕೆ ಪಟ್ಟಿ ಹಾಕಿ, ಕೈಯಲ್ಲಿ ರುಬ್ಬಿದಷ್ಟೇ ನಿಧಾನಕ್ಕೆ ತಿರುಗೋ ಹಾಗೆ ಮಾಡಿದಳಂತೆ. ಹಿಟ್ಟು ಬೆಣ್ಣೆ ಹಂಗೆ ಬಂತು, ತಣ್ಣಗೂ ಇತ್ತು. ಇಡ್ಲಿ ಬೇಯಿಸಿ ಮೊದಲ ತುತ್ತು ತಾನು ತಿಂದು, ಎರಡನೇದು ಸುಬ್ಬಕ್ಕನ ಬಾಯಿಗಿಟ್ಟಳಂತೆ.

ಆಮೇಲೆ ಕೇಳಬೇಕಾ? ದ್ಯಾವಕ್ಕನ ಕರೆಂಟು ಒರಳು ಅಂತ ಪೇಟೆಯೆಲ್ಲ ಸುದ್ದಿ. ಮದುವೆ ಮನೆಯೋರು, ಹೋಟ್ಲಿನೋರು, ಬಾಣಂತಿ ಇರೋ ಮನೆಯೋರು ಸಾಲಾಗಿ ನಿಂತರು. ಕಲ್ಲೂ ಉಳಿಯೂ ದುಡ್ಡು ಕೊಟ್ಟು ತಂದು ಅವಳೇ ಕಡೆದು, ಅವಳೇ ಕಟ್ಟಿ, ಅವಳೇ ಮೊದಲ ತುತ್ತು ತಿಂದು ಕೊಡೋಳು. ಒಬ್ಬಳ ಕೈಗೆ ಎಷ್ಟು ಕಲ್ಲು ಆದೀತು?

ಆಗ ಬಂದರು ನೋಡು ಅಣ್ಣಂದಿರು. ಕೂತು ತಿನ್ನೋನಿಗೆ ಕುಡಿಕೆ ಹೊನ್ನು ಸಾಲದು ಅಂತಾರಲ್ಲ, ಅಷ್ಟು ದೊಡ್ಡ ಬಂಡೆ ಇಟ್ಕೊಂಡೂ ಬರಿಗೈ ಆಗಿದ್ದರಂತೆ. ಒಂದೇ ಹೊಟ್ಟೇಲಿ ಹುಟ್ಟಿದೋರು ನಾವು, ಕಲ್ಲು ನಾವು ಕಡೆದು ಕೊಡ್ತೀವಿ ಅಂತ ಕಣ್ಣೀರು ಹಾಕಿದರಂತೆ. ದ್ಯಾವಕ್ಕ ಒಂದೇ ಮಾತು ಕೇಳಿದಳಂತೆ, ಮನೆ ಪದ್ಧತಿ ನಡೆಸ್ತೀರಾ ಅಂತ. ಅಪ್ಪನ ಆಣೆ ಅಂದರಂತೆ ಇಬ್ಬರೂ.

ಅವಳು ತಪ್ಪು ಮಾಡಿದ್ದು ಇಲ್ಲೇ. ಕಡೆದ ಮನೆಯೋರು ತಿಂದು ಕಳಿಸಿದ ಕಲ್ಲನ್ನ ಇನ್ನೊಬ್ಬರು ಮತ್ತೆ ತಿಂದು ಪರೀಕ್ಷೆ ಮಾಡಿದ್ರೆ ಆ ಮನೆಗೇ ಅವಮಾನ ಅಂತ ಅವರ ಕಡೆ ನಂಬಿಕೆ. ತವರಿಗೆ ಹೆಂಗೆ ಅವಮಾನ ಮಾಡ್ತಾಳೆ? ತಿನ್ನದೇ ಮೋಟರಿಗೆ ಕೂರಿಸಿ ಕಳಿಸಿದಳು. ಆ ಸೋಮಾರಿಗಳು ಮಾಡಿದ್ದೇನು ಗೊತ್ತಾ? ಒಳಗಿನ ಗಟ್ಟಿ ಕಲ್ಲು ಒಡೆಯೋಕೆ ಮೈಬಗ್ಗದೆ ಮೇಲ್ಪದರದ ಉದುರುಕಲ್ಲಲ್ಲೇ ಒರಳು ಕೊರೆದು, ತೌಡೂ ರುಬ್ಬದೆ, ಇಡ್ಲಿಯಂತೂ ದೂರದ ಮಾತು, ಗಾಡಿ ಗಾಡಿ ತುಂಬಿ ಕಳಿಸಿದರಂತೆ.

ದೀಪಾವಳಿ ದಿನ ಪೇಟೆಯೆಲ್ಲ ಇಡ್ಲಿ, ಇಡ್ಲಿ ತುಂಬ ಮರಳು. ಸುಬ್ಬಕ್ಕಂಗೆ ಹೊಸ ಒರಳು ಅಂತ ಪ್ರೀತಿಯಿಂದ ಕೊಟ್ಟಿದ್ದೂ ಅದೇ ಕಲ್ಲು. ಮುದುಕಿಗೆ ಉಳಿದಿದ್ದ ನಾಲ್ಕು ಹಲ್ಲಲ್ಲಿ ಒಂದು ಮುರೀತಂತೆ. ಜನ ಮೋಟರು ಸಮೇತ ಒರಳು ಹೊತ್ತು ತಂದು ಶೆಡ್ಡಿನ ಮುಂದೆ ಗುಡ್ಡೆ ಹಾಕಿ ಬಾಯಿಗೆ ಬಂದಂಗೆ ಬೈದರಂತೆ. ಅಣ್ಣಂದಿರೂ ಬಂದು ಜನರ ಜೊತೆ ಸೇರಿಕೊಂಡರಂತೆ. ನಮ್ಮ ಕಲ್ಲು ಸರಿಯಾಗೇ ಇತ್ತು, ಇವಳ ಮೋಟರೇ ಕಲ್ಲನ್ನ ಪುಡಿ ಮಾಡಿದ್ದು, ಹೆಂಗಸು ಉಳಿ ಮುಟ್ಟಿದ್ರೆ ಇನ್ನೇನಾಗತ್ತೆ, ಶೆಡ್ಡು ನಮಗೆ ಬಿಡಲಿ, ನಾವು ನೋಡ್ಕೋತೀವಿ ಅಂದರಂತೆ. ಕೋತಿ ತಾನು ಮೊಸರು ತಿಂದು ಮೇಕೆ ಬಾಯಿಗೆ ಒರೆಸಿದ ಹಾಗೆ. ಜನವೂ ಹೌದು ಹೌದು ಅಂತ ತಲೆ ಆಡಿಸಿದರು. ಅಣ್ಣಂದಿರಿಗಿಂತ ಆ ತಲೆಗಳ ಮೇಲೇ ನನಗೆ ಹೆಚ್ಚು ಸಿಟ್ಟು.

ದ್ಯಾವಕ್ಕ ಏನು ಮಾಡಿದಳು ಕೇಳು. ಅವತ್ತು ಸಂಜೆ ಎಲ್ಲರ ಎದುರಿಗೇ ಅಣ್ಣಂದಿರ ಕಲ್ಲಲ್ಲಿ ಹಿಟ್ಟು ರುಬ್ಬಿದಳಂತೆ. ಆಮೇಲೆ ಅದೇ ಮೋಟರಿಗೆ ಅಪ್ಪನ ಕಲ್ಲು ಕೂರಿಸಿ ಇನ್ನೊಂದು ಪಾತ್ರೆ ಹಿಟ್ಟು ರುಬ್ಬಿದಳಂತೆ. ಎರಡಕ್ಕೂ ಬಟ್ಟೆ ಕಟ್ಟಿ, ನೀವೇ ಕಾಯಿರಿ ಅಂತ ಸುಬ್ಬಕ್ಕನ ಕೈಗೆ ಕೊಟ್ಟಳಂತೆ. ಹಲ್ಲು ಮುರಿದುಕೊಂಡ ಮುದುಕಿ, ಅವಳಷ್ಟು ಚೆನ್ನಾಗಿ ಇನ್ಯಾರು ಕಾದಾರು? ಬೆಳಗಾಗೋ ಹೊತ್ತಿಗೆ ಎರಡೂ ಪಾತ್ರೇಲಿ ಹಿಟ್ಟು ಉಬ್ಬಿತ್ತು, ಜನವೂ ಅಣ್ಣಂದಿರೂ ಮತ್ತೆ ಬಂದು ಸೇರಿದ್ದರು. ಅಲ್ಲೇ ಒಲೆ ಹಚ್ಚಿ ಬೇಯಿಸಿ, ಅಪ್ಪನ ಕಲ್ಲಿನ ಇಡ್ಲಿ ತನ್ನ ಎಲೆಗೆ ಹಾಕ್ಕೊಂಡು, ಅಣ್ಣಂದಿರ ಕಲ್ಲಿನದ್ದು ಅವರ ಎಲೆಗೆ ಬಡಿಸಿದಳಂತೆ.

"ಕಡೆದೋರು ನೀವು. ಮೊದಲ ತುತ್ತು ನಿಮ್ಮದು."

ಗುರುವ ಎಲೆ ನೋಡಿದೋನು ಕೈಯೇ ಎತ್ತಲಿಲ್ಲ. ತಿಪ್ಪೇಶಿ ಜಾಣ, ಬಿಸಿ ಇಡ್ಲಿ ಬಾಯಿಗೆ ಹಾಕ್ಕೊಂಡು ಹಂಗೇ ನುಂಗೋಕೆ ನೋಡಿದನಂತೆ. ದ್ಯಾವಕ್ಕ ಹತ್ರ ಬಂದು ಅವನ ಮುಖಾನೇ ನೋಡ್ತಾ ಅಂದಳಂತೆ:

"ಅಗಿ ಅಣ್ಣ."

ಅಗಿದ. ಕರಕ್ ಅಂದಿದ್ದು ಹಿಂದೆ ನಿಂತೋರಿಗೂ ಕೇಳಿಸಿತಂತೆ. ದ್ಯಾವಕ್ಕ ತನ್ನ ಎಲೆಯ ಇಡ್ಲಿ ತಿಂದು, ಇನ್ನೊಂದನ್ನ ಸುಬ್ಬಕ್ಕನ ಬಾಯಿಗಿಟ್ಟಳು. ಮುದುಕಿ ಉಳಿದ ಮೂರು ಹಲ್ಲಲ್ಲಿ ಅಗಿದು ನುಂಗಿ, ತಿಪ್ಪೇಶಿ ಕಡೆ ತಿರುಗಿ, ಮಾಡಿದ್ದುಣ್ಣೋ ಮಾರಾಯ ಅಂದಳಂತೆ.

ಆಮೇಲೆ ಜನ ತಲೆ ತಗ್ಗಿಸಿಕೊಂಡು ತಮ್ಮ ತಮ್ಮ ಮೋಟರು ವಾಪಸು ಹೊತ್ಕೊಂಡು ಹೋದರಂತೆ, ಹೊಸ ಕಲ್ಲು ಬರೋ ತನಕ ಕಾಯ್ತೀವಿ ಅಂತ. ಕೆಟ್ಟ ಕಲ್ಲಿನ ನಷ್ಟಕ್ಕೆ ಅಂತ ಅಣ್ಣಂದಿರು ಬಂಡೇನ ದ್ಯಾವಕ್ಕನಿಗೇ ಬಿಟ್ಟುಕೊಡಬೇಕಾಯ್ತಂತೆ. ಶೆಡ್ಡು ಕಾರ್ಖಾನೆ ಆಯ್ತು, ಊರೂರಿಗೆ ಅವಳ ಒರಳು ಹೋಯ್ತು. ಬೇರೆ ಅಜ್ಜಿಯರು ಹೇಳೋವಾಗ ಅವಳು ಅಣ್ಣಂದಿರನ್ನ ತಬ್ಬಿಕೊಂಡು ಕ್ಷಮಿಸಿಬಿಡ್ತಾಳೆ. ನನ್ನ ಕತೇಲಿ ಹಂಗಿಲ್ಲ. ಕೆಲಸ ಕೇಳಿಕೊಂಡು ಬಂದಾಗ ಇಬ್ಬರಿಗೂ ಕೊಟ್ಟಳು, ಆದ್ರೆ ಉಳಿ ಮುಟ್ಟಗೊಡಲಿಲ್ಲವಂತೆ. ಕಾರ್ಖಾನೆಯಿಂದ ಹೊರಗೆ ಹೋಗೋ ಪ್ರತಿ ಒರಳಿನ ಮೊದಲ ಇಡ್ಲೀನ ಅವರೇ ಎಲ್ಲರ ಎದುರಿಗೆ ಕೂತು ಅಗಿದು ತಿನ್ನಬೇಕು, ಅದೇ ಅವರ ಕೆಲಸ. ನಮಗೆ ಬೇರೆ ಪಾಲು ಇಲ್ವಾ ಅಂತ ತಿಪ್ಪೇಶಿ ಒಂದು ದಿನ ಕೇಳಿದನಂತೆ. ಇದೆಯಲ್ಲ ಅಣ್ಣ, ನಿನ್ನ ಪಾಲಿಗೆ ನಿನ್ನ ಹಲ್ಲು ಅಂದಳಂತೆ ದ್ಯಾವಕ್ಕ.

ಅವಳು ಅಲ್ಲಿ ಸುಖವಾಗಿದ್ದಳು, ನಾವು ಇಲ್ಲಿ ಚೆನ್ನಾಗಿದೀವಿ. ಹಿಟ್ಟು ತೆಗೆದಾಯ್ತು, ಕಲ್ಲು ತೊಳೆದಾಯ್ತು, ಕತೆ ಮುಗೀತು. ಮಲಕ್ಕೋ.