ಮೆಲುಕಿನ ಪಾಲು

“ಗುರುಗಳೇ, ಕಣ್ಣಿಗೆ ಕಾಣದ ಜೀವಿಗಳಲ್ಲಿ ಬ್ಯಾಕ್ಟೀರಿಯಾ, ಬೂಸು, ಪಾಚಿ, ಪ್ರೊಟೊಜೋವಾ, ವೈರಸ್ ಎಂದು ಬೇರೆ ಬೇರೆ ಕುಲಗಳಿವೆಯಂತೆ. ಇವುಗಳಲ್ಲಿ ಯಾವ ಕುಲವನ್ನು ಮನೆಯೊಳಗೆ ಬಿಡಬಾರದು?” ಎಂದು ಸೋಮಲಿಂಗ ಕೇಳಿದ.

ಸುಮ್ಮನೆ ತಿಳಿದುಕೊಳ್ಳಲು ಕೇಳಿದ ಪ್ರಶ್ನೆ ಅದಲ್ಲ. ಅವನ ಮೊದಲ ಮಗು ಭೇದಿಯಾಗಿ ತೀರಿಕೊಂಡಿತ್ತು. ಈಗ ಮನೆಯಲ್ಲಿ ಮತ್ತೊಂದು ಹಸುಗೂಸಿತ್ತು. ಅದನ್ನು ಎತ್ತಿಕೊಳ್ಳಲು ಅವನು ತನ್ನ ಹೆತ್ತ ತಾಯಿಗೂ ಬಿಟ್ಟಿರಲಿಲ್ಲ. ಆಕೆ ದಿನವೂ ಹೊಸಿಲಾಚೆ ಕುಳಿತು, ಮೊಮ್ಮಗಳ ಅಳುವನ್ನಷ್ಟೇ ಕೇಳಿ ಎದ್ದು ಹೋಗುತ್ತಿದ್ದಳು. ಗುರುಗಳಿಗೆ ಇದೆಲ್ಲ ಗೊತ್ತಿತ್ತು. ಗೊತ್ತಿದ್ದೂ ಗೊತ್ತಿಲ್ಲದವರ ಹಾಗೆ ಇರುವುದು ಅವರಿಗೆ ಚೆನ್ನಾಗಿ ಬರುತ್ತಿತ್ತು.

“ಪಾಚಿ ಬಿಸಿಲಿದ್ದಲ್ಲಿ ತಾನೇ ಅಡುಗೆ ಮಾಡಿಕೊಂಡು ಉಣ್ಣುತ್ತದೆ, ಅದರ ಪಾಡಿಗೆ ಅದನ್ನು ಬಿಡು. ವೈರಸ್ಸಿಗೆ ಸ್ವಂತ ಮನೆಯೇ ಇಲ್ಲ, ಇನ್ನೊಂದು ಜೀವದ ಒಳಹೊಕ್ಕಲ್ಲದೆ ಹೆಚ್ಚಲಾರದು. ಅದಕ್ಕೆ ಮಗುವಿಗೆ ಲಸಿಕೆ ಹಾಕಿಸು. ಉಳಿದ ಮೂವರದು ಒಂದು ಕತೆಯಿದೆ, ಕೇಳು” ಎಂದು ಗುರುಗಳು ಶುರು ಮಾಡಿದರು.

ಒಬ್ಬ ರೈತನಿದ್ದ. ಅವನ ಹಸುವಿನ ಚೊಚ್ಚಲ ಕರು ಭೇದಿಯಾಗಿ ಸತ್ತಿತು. ಬಾಯಿಂದ ಬಾಯಿಗೆ ದಾಟುವ ಜೀವಿಗಳಿಂದ ರೋಗ ಬರುತ್ತದೆ ಎಂದು ಯಾರೋ ಹೇಳಿದರು. ಎರಡನೆಯ ಕರು ನೆಲಕ್ಕೆ ಬಿದ್ದದ್ದೇ ತಡ, ತಾಯಿ ನಾಲಿಗೆ ಚಾಚುವ ಮೊದಲೇ ರೈತ ಅದನ್ನು ಎತ್ತಿಕೊಂಡು ಹೋದ. ಗೋಡೆಯಾಚೆ ನೆಲ ತೊಳೆದು ಸುಣ್ಣ ಬಳಿದ ಕೋಣೆಯಲ್ಲಿ ಕಟ್ಟಿದ. ಗಿಣ್ಣದ ಹಾಲನ್ನು ತಾನೇ ಕರೆದು, ತೊಳೆದ ಪಾತ್ರೆಯಲ್ಲಿ ಕುಡಿಸಿದ. ಕರುವಿಗೆ ಭೇದಿ ಆಗಲಿಲ್ಲ. ರೈತನಿಗೆ ಹೋದ ಜೀವ ಬಂದಂತಾಯಿತು.

ಆಮೇಲೆ ಕರು ಹುಲ್ಲಿಗೆ ಬಾಯಿ ಹಾಕಿತು. ಅಲ್ಲಿಂದ ಸೊರಗತೊಡಗಿತು. ಹೊಟ್ಟೆ ಮಡಕೆಯಂತೆ ಉಬ್ಬಿತು, ಪಕ್ಕೆಲುಬುಗಳು ಎದ್ದು ಕಂಡವು. ತಿಂದ ಹುಲ್ಲು ತಿಂದ ಹಾಗೆಯೇ ಸಗಣಿಯಲ್ಲಿ ಬೀಳುತ್ತಿತ್ತು. ಮೆಲುಕು ಹಾಕಲು ಅದಕ್ಕೆ ಬರಲೇ ಇಲ್ಲ. ಗೋಡೆಯ ಈಚೆಯಿಂದ ಹಸು ಕೂಗುತ್ತಿತ್ತು. ಮೊದಮೊದಲು ಓಗೊಡುತ್ತಿದ್ದ ಕರು ಬರಬರುತ್ತ ಅದನ್ನೂ ಬಿಟ್ಟಿತು.

ರೈತ ಕೈಚೆಲ್ಲಿದ. ‘ಹೇಗೂ ಸಾಯುತ್ತದೆ. ತಾಯಿಯ ಹತ್ತಿರವಾದರೂ ಸಾಯಲಿ’ ಎಂದ.

‘ಇಷ್ಟು ದಿನ ನೀವು ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಂಡಿರಿ. ಒಂದು ಸಲ ಅವಳಿಗೂ ಬಿಟ್ಟುಕೊಡಿ’ ಎಂದು ಹೆಂಡತಿ ಕರುವಿನ ಕಣ್ಣಿ ಬಿಚ್ಚಿದಳು.

ಕರು ತೂರಾಡಿಕೊಂಡು ಕೊಟ್ಟಿಗೆಗೆ ಬಂತು. ಹಸು ಮೂಸಿತು. ಮುಖ, ಕಿವಿ, ಬೆನ್ನು ಒಂದನ್ನೂ ಬಿಡದೆ ನೆಕ್ಕಿತು. ಹುಟ್ಟಿದ ದಿನ ನೆಕ್ಕಬೇಕಿದ್ದದ್ದನ್ನೆಲ್ಲ ಈಗ ನೆಕ್ಕಿ ತೀರಿಸಿತು. ತಾಯಿ ಮೆಲುಕು ಹಾಕತೊಡಗಿದಾಗ ಕರು ಅದರ ಬಾಯಿಗೆ ಬಾಯಿ ಹಚ್ಚಿ ನೊರೆಯನ್ನು ನೆಕ್ಕಿತು. ರೈತ ಬಿಡಿಸಲೆಂದು ಹೋದ. ಕೈ ಮುಂದಾಗಲಿಲ್ಲ.

ದಿನ ಕಳೆದಂತೆ ಕರುವಿನ ಹೊಟ್ಟೆ ಇಳಿಯಿತು. ಒಂದು ಬೆಳಿಗ್ಗೆ ಅದು ತಾಯಿಯ ಪಕ್ಕದಲ್ಲಿ ಮಲಗಿ ತಾನೂ ಮೆಲುಕು ಹಾಕುತ್ತಿತ್ತು. ರೈತ ಕೊಟ್ಟಿಗೆಯ ಬಾಗಿಲಲ್ಲೇ ಕುಳಿತು ಅತ್ತುಬಿಟ್ಟ.

“ಹುಲ್ಲನ್ನು ಹಸುವೊಂದೇ ಅರಗಿಸಲಾರದು, ಸೋಮಲಿಂಗ” ಎಂದರು ಗುರುಗಳು. “ಅದರ ಹೊಟ್ಟೆಯಲ್ಲಿ ಬೂಸಿನ ಕುಲದವು ಹುಲ್ಲಿನೊಳಗೆ ಎಳೆ ಇಳಿಸಿ ಸಡಿಲ ಮಾಡುತ್ತವೆ. ಪ್ರೊಟೊಜೋವಾ ಈಜಾಡಿಕೊಂಡು ಮೇಯುತ್ತವೆ. ಲೆಕ್ಕವಿಲ್ಲದಷ್ಟು ಬ್ಯಾಕ್ಟೀರಿಯಾ ಸೇರಿ ಆ ಹುಲ್ಲನ್ನು ಹುಳಿಯಿಸಿ ಹಸುವಿಗೆ ಉಣ್ಣಿಸುತ್ತವೆ. ಈ ಬಳಗವನ್ನು ಕರು ಹುಟ್ಟುವಾಗ ತರುವುದಿಲ್ಲ. ತಾಯಿ ತನ್ನ ಪಾಲಿನಿಂದ ಕೊಡಬೇಕು.”

“ಹಾಗಾದರೆ ಮೊದಲ ಕರುವನ್ನು ಕೊಂದದ್ದು?” ಸೋಮಲಿಂಗ ಕೇಳಿದ. “ಅದೂ ಸೋಂಕೇ ಅಲ್ಲವೇ?”

“ಸೋಂಕೇ. ಕೊಳಕು ನೆಲದಿಂದ ಬಂದ ಬ್ಯಾಕ್ಟೀರಿಯಾ. ನೆಲ ತೊಳೆದದ್ದಕ್ಕೆ ರೈತನನ್ನು ನಾನು ಬಯ್ಯುವುದಿಲ್ಲ. ಆದರೆ ಕುಲ ಕೇಳಿ ಬಾಗಿಲು ಹಾಕಿಕೊಂಡವನ ಮನೆಯಲ್ಲಿ ತಾಯಿಯೂ ಹೊರಗೇ ಉಳಿಯುತ್ತಾಳೆ. ಹಿಂದಿನವರು ಪ್ರೀತಿಯಿಂದ ಮೈ ಮುಟ್ಟುವುದಕ್ಕೂ ಸೋಂಕು ಎಂದೇ ಹೇಳುತ್ತಿದ್ದರು.”

ಸೋಮಲಿಂಗ ತಲೆ ತಗ್ಗಿಸಿದ. ಗುರುಗಳು ಅವನ ಹೆಗಲ ಮೇಲೆ ಕೈಯಿಟ್ಟರು.

“ಮನೆಗೆ ಹೋಗು, ನಿನ್ನ ತಾಯಿಗೆ ಕೈ ತೊಳೆಯಲು ನೀರು ಕೊಡು.”